ನಂಬಿಕೆ ಬಿಡದೆ ದುಡಿದು ಬದುಕುವುದು ಹೇಗೆ?

ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಮುಂದಿನ ವರ್ಷಗಳಲ್ಲಿ ಅವರ ಮಾತು ಕೇಳಿ ಕ್ರಿಸ್ತನನ್ನು ನಂಬಿದವರಲ್ಲಿ ಬಿಲ್ಲವರೇ ಜಾಸ್ತಿ. ಅವರಲ್ಲಿ ಬಹಳ ಮಂದಿಗೆ ಮೂರ್ತೆ ಕಸುಬು, ಅಂದರೆ ಮರ ಹತ್ತಿ ಶೇಂದಿ ಇಳಿಸುವುದೇ ಹೊಟ್ಟೆಪಾಡು. ಆ ಕಸುಬು ಬಿಡಬೇಕು ಎಂದಿತು ಮಿಷನ್. ಇತ್ತ ಮನೆಯವರು, ಜಾತಿಯವರು ದೂರ ಮಾಡಿದರು. ದೀಕ್ಷಾಸ್ನಾನವೇನೋ ಆಯಿತು, ನಾಳೆ ಗಂಜಿಗೆ ಏನು? ಮಿಷನ್ ಮಗ್ಗ ಹಾಕಿಸಿತು, ಅಚ್ಚುಕೂಟ ತೆರೆಯಿತು. 1865ರಲ್ಲಿ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಮಂಗಳೂರು ಹೆಂಚು ಎಂದು ಊರೂರಿಗೆ ಹೆಸರಾದ ಆ ಹೆಂಚಿನ ಹಿಂದೆ ಕಸುಬು ಕಳೆದುಕೊಂಡ ಹೊಸ ಕ್ರೈಸ್ತರ ಹಸಿವೂ ಇದೆ.

ಈಗ ನಮಗೆ ಕಾರ್ಖಾನೆ ಕಟ್ಟಿಕೊಡುವವರು ಯಾರೂ ಇಲ್ಲ. ಗ್ಯಾರೇಜಿನಲ್ಲೋ, ಆಸ್ಪತ್ರೆಯಲ್ಲೋ, ಐಟಿ ಕಂಪನಿಯಲ್ಲೋ, ತಾಲ್ಲೂಕು ಕಚೇರಿಯಲ್ಲೋ ಒಬ್ಬೊಬ್ಬರೇ ನಿಂತು ತೀರ್ಮಾನ ಮಾಡಬೇಕು. ಸಂಸಾರ ಬೇರೆ ಇದೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಥೋಲಿಕರು, ಸಿಎಸ್‌ಐ, ಪೆಂತೆಕೋಸ್ತ್ ಎಂದು ನಮ್ಮಲ್ಲಿ ಭೇದಗಳಿವೆ. ಕೆಲವು ವಿಷಯದಲ್ಲಿ ನಿಮ್ಮ ಸಭೆಯ ಅಭಿಪ್ರಾಯ ನನ್ನದಕ್ಕಿಂತ ಬೇರೆ ಇರಬಹುದು. ಅಲ್ಲೆಲ್ಲ ನಿಮ್ಮ ಫಾದರ್ ಅಥವಾ ಸಭಾಪಾಲಕರ ಹತ್ತಿರ ಕೂತು ಮಾತಾಡಿ.

1. ಮೊದಲು ಮನೆಯ ಲೆಕ್ಕ

ಸತ್ಯವೇದದ ವಚನದಿಂದ ಶುರು ಮಾಡದೆ ಮನೆಯ ಲೆಕ್ಕದಿಂದ ಶುರು ಮಾಡುತ್ತಿರುವುದಕ್ಕೆ ಕಾರಣ ಇದೆ. ಕೆಲಸದ ಜಾಗದಲ್ಲಿ ಸೋಲುವ ಕ್ರೈಸ್ತರಿಗೆ ಸರಿ ಯಾವುದು, ತಪ್ಪು ಯಾವುದು ಎಂದು ಸಾಮಾನ್ಯವಾಗಿ ಚೆನ್ನಾಗಿಯೇ ಗೊತ್ತಿರುತ್ತದೆ. ಆದರೆ 5ನೇ ತಾರೀಖಿಗೆ ಕಂತು ಕಟ್ಟಬೇಕಲ್ಲ! ಸುಳ್ಳು ಬಿಲ್ಲಿಗೆ ಸಹಿ ಹಾಕು ಎಂದು ಮೇಲಿನವರು ಹೇಳಿದಾಗ, ಮೂರು ತಿಂಗಳ ಖರ್ಚು ಕೈಯಲ್ಲಿರುವವನು "ಆಗಲ್ಲ ಸಾರ್" ಅನ್ನಬಲ್ಲ. ಕುತ್ತಿಗೆವರೆಗೆ ಸಾಲ ಇರುವವನಿಗೆ ಬಾಯಿ ಬರುವುದಿಲ್ಲ. ಸಾಲ ತೆಗೆದುಕೊಂಡವನು ಕೊಟ್ಟವನಿಗೆ ಆಳಾಗುತ್ತಾನೆ ಎಂದು ಜ್ಞಾನೋಕ್ತಿಗಳು 22ನೇ ಅಧ್ಯಾಯ ಎಚ್ಚರಿಸುತ್ತದೆ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುತ್ತೀರಿ ಎಂದಾದರೆ ಇದನ್ನೇ ಇಟ್ಟುಕೊಳ್ಳಿ: ‘ಇಲ್ಲ’ ಎನ್ನುವ ಶಕ್ತಿಯನ್ನು ಮನೆಯಲ್ಲಿ ಮೊದಲೇ ಕೂಡಿಡಬೇಕು.

ಹಾಗಾಗಿ ಒಂದು ನೋಟ್‌ಬುಕ್ ತೆಗೆದುಕೊಂಡು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕೂತುಕೊಳ್ಳಿ. ಬಾಡಿಗೆ, ರೇಷನ್ನು, ಮಕ್ಕಳ ಫೀಸು, ಔಷಧ, ಕಂತು, ಕೈಸಾಲ, ಗಿರವಿ ಇಟ್ಟ ಒಡವೆಯ ಬಡ್ಡಿ, ಎಲ್ಲವನ್ನೂ ಬರೆಯಿರಿ. ಯಾವ ಸಾಲಕ್ಕೆ ಬಡ್ಡಿ ಜಾಸ್ತಿಯೋ ಅದನ್ನು ಮೊದಲು ತೀರಿಸಿ. ಮೀಟರ್ ಬಡ್ಡಿ ಏನಾದರೂ ಇದ್ದರೆ ಒಡವೆ ಮಾರಿಯಾದರೂ ಅದರಿಂದ ಹೊರಗೆ ಬನ್ನಿ. ಆಮೇಲೆ ಸಣ್ಣದಾಗಿ ಉಳಿತಾಯ ಶುರು ಮಾಡಿ. ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದ ಆರ್‌ಡಿ ತೆರೆಯಬಹುದು. ಮೂರು ತಿಂಗಳ ಖರ್ಚು ಕೂಡಿಬರುವವರೆಗೆ ಅದನ್ನು ಮುಟ್ಟಬೇಡಿ.

ನಮ್ಮವರು ಎಲ್ಲಿ ಎಡವುತ್ತಾರೆ ಗೊತ್ತಾ? ಮದುವೆಯಲ್ಲಿ. ಕರಾವಳಿಯಲ್ಲಿ ರೋಸ್ (ಮದುವೆಯ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ), ಮದುವೆ, ಆಮೇಲೆ ಮರುದಿನದ ಊಟ. ಇನ್ನೊಂದು ಕಡೆ ಮಗುವಿನ ಮೊದಲ ಪರಮಪ್ರಸಾದಕ್ಕೆ ಹಾಲ್ ಬುಕಿಂಗು. ಒಂದು ದಿನದ ಊಟಕ್ಕೆ ಮಾಡಿದ ಸಾಲ ಐದು ವರ್ಷ ಬಾಯಿ ಕಟ್ಟುತ್ತದೆ. ಚರ್ಚ್‌ನಲ್ಲಿ ಆಶೀರ್ವಾದ, ಹೊರಗೆ ಕಾಫಿ ಕೇಕು ಎಂದು ಮುಗಿಸಿದವರನ್ನು ಯಾರೂ ಕೀಳಾಗಿ ನೋಡಬಾರದು. ಇದನ್ನು ಸಭೆಗಳೇ ಮುಂದೆ ನಿಂತು ಹೇಳಬೇಕು ಎಂದು ನನ್ನ ಆಸೆ.

ಇನ್ನೊಂದು ಮಾತು. ಜೊತೆ ಕೆಲಸದವರು "ಸುಮ್ನೆ ಒಂದು ಸಹಿ" ಎಂದು ಜಾಮೀನು ಕೇಳುತ್ತಾರೆ. ತೀರಿಸುವ ಶಕ್ತಿ ನಿಮಗೆ ಇಲ್ಲದಿದ್ದರೆ ಹಾಕಬೇಡಿ. ಕೈಲಾದಷ್ಟು ಹಣವನ್ನು ವಾಪಸ್ ಬರುತ್ತದೆ ಎಂಬ ಲೆಕ್ಕ ಇಡದೆ ಕೊಟ್ಟುಬಿಡುವುದು ಮೇಲು.

2. ಕೆಲಸವೇ ತಪ್ಪೋ, ಕೆಲಸದೊಳಗೆ ತಪ್ಪಿದೆಯೋ ನೋಡಿ

ಲೂಕ 3ರಲ್ಲಿ ಸುಂಕದವರೂ ಸಿಪಾಯಿಗಳೂ ಸ್ನಾನಿಕನಾದ ಯೋಹಾನನ ಹತ್ತಿರ ಬಂದು ನಾವೇನು ಮಾಡಬೇಕು ಎಂದು ಕೇಳುತ್ತಾರೆ. ಆ ಕಾಲದಲ್ಲಿ ಜನ ಬೈಯುತ್ತಿದ್ದ ಕೆಲಸಗಳು ಅವು. ಆದರೂ ಕೆಲಸ ಬಿಡಿ ಎಂದು ಯೋಹಾನ ಹೇಳುವುದಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಕೀಳಬೇಡಿ, ಹೆದರಿಸಿ ದುಡ್ಡು ಎಳೆಯಬೇಡಿ, ಸಂಬಳದಲ್ಲೇ ತೃಪ್ತಿಪಡಿ ಎನ್ನುತ್ತಾನೆ. ನಮ್ಮಲ್ಲಿ ಹೆಚ್ಚಿನವರ ಕೆಲಸ ಈ ಬಗೆಯದ್ದೇ. ಕೆಲಸ ಸರಿಯಾಗಿಯೇ ಇದೆ, ಅದರೊಳಗಿನ ಒಂದೆರಡು ಅಭ್ಯಾಸ ಸರಿಯಿಲ್ಲ.

ಕೆಲಸವೇ ತಪ್ಪಾಗಿರುವುದೂ ಉಂಟು. ಮೀಟರ್ ಬಡ್ಡಿಯವರ ಪರವಾಗಿ ವಸೂಲಿಗೆ ಹೋಗುವುದು, ಬೆಟ್ಟಿಂಗ್ ಆಪ್‌ಗೆ ಜನ ಸೇರಿಸುವುದು, ನಕಲಿ ಅಂಕಪಟ್ಟಿ ಮಾಡಿಕೊಡುವ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವುದು. ಇವುಗಳಲ್ಲಿ ಇದ್ದುಕೊಂಡೇ ಒಳ್ಳೆಯವರಾಗಿ ಇರಲು ಆಗುವುದಿಲ್ಲ, ಬಿಡಲೇಬೇಕು.

ಮದ್ಯದ ವಿಷಯದಲ್ಲಿ ಸಭೆಗಳ ನಡುವೆ ಒಂದೇ ಮಾತಿಲ್ಲ. ನನ್ನ ಅಭಿಪ್ರಾಯ ಹೇಳುತ್ತೇನೆ. ಊಟದ ಹೋಟೆಲಿನಲ್ಲಿ ಸಪ್ಲೈಯರ್ ಆಗಿರುವವನು ಒಂದು ಟೇಬಲ್ಲಿಗೆ ಬಿಯರ್ ಕೊಡಬೇಕಾಗಿ ಬಂದರೆ ಅದಕ್ಕಾಗಿ ಅವನನ್ನು ದೂರ ತಳ್ಳಬಾರದು. ಆದರೆ ಕೂಲಿಯವರ ವಾರದ ಬಟವಾಡೆಯನ್ನೇ ನಂಬಿಕೊಂಡ ಅಂಗಡಿಯನ್ನು ನಾನೇ ಇಟ್ಟು ನಡೆಸುವುದು ಬೇರೆ ವಿಷಯ. ಅಲ್ಲಿ ನನ್ನ ಲಾಭ ಇನ್ನೊಬ್ಬರ ಮನೆಯ ಒಲೆ ಆರಿಸುತ್ತದೆ.

ಬಿಡುವುದಾದರೆ ಸಿಟ್ಟಿನಲ್ಲಿ ಬಿಡಬೇಡಿ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುತ್ತಾನೆ ಎಂದು ಯೇಸು ಹೇಳಿದ್ದಾನೆ. ಇಷ್ಟು ತಿಂಗಳೊಳಗೆ ಹೊರಗೆ ಬರುತ್ತೇನೆ ಎಂದು ದಿನ ಗೊತ್ತುಮಾಡಿ, ಅಷ್ಟರಲ್ಲಿ ಬೇರೆ ಕೆಲಸ ಹುಡುಕಿ. ಆ ದಿನಾಂಕವನ್ನು ನಿಮ್ಮ ನಂಬಿಕೆಯ ಒಬ್ಬರಿಗೆ ಹೇಳಿ, ಇಲ್ಲದಿದ್ದರೆ ಅದು ಮುಂದೆ ಮುಂದೆ ಹೋಗುತ್ತಲೇ ಇರುತ್ತದೆ. ಯಾರಿಂದಾದರೂ ಅನ್ಯಾಯವಾಗಿ ಪಡೆದದ್ದು ಇದ್ದರೆ ವಾಪಸ್ ಕೊಡುವ ದಾರಿಯನ್ನೂ ನೋಡಿ. ಯೇಸುವನ್ನು ಮನೆಗೆ ಕರೆದ ಸುಂಕದವನು ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆ ಎಂದ.

3. ಗೆರೆಯನ್ನು ಮೊದಲೇ ಎಳೆಯಿರಿ, ಬದಲಿ ದಾರಿಯನ್ನೂ ಇಟ್ಟುಕೊಳ್ಳಿ

ದಾನಿಯೇಲ ಬಾಬೆಲಿನ ಅರಮನೆಯಲ್ಲಿ ಸರ್ಕಾರಿ ತರಬೇತಿಗೆ ಸೇರಿದ ಹುಡುಗ. ಅಲ್ಲಿನ ಭಾಷೆ ಕಲಿತ, ಅಲ್ಲಿನ ವಿದ್ಯೆ ಕಲಿತ, ಅವರು ಇಟ್ಟ ಹೆಸರನ್ನೂ ಒಪ್ಪಿಕೊಂಡ. ಅರಸನ ಊಟ ಮಾತ್ರ ಬೇಡ ಎಂದು ಮನಸ್ಸಿನಲ್ಲಿ ನಿಶ್ಚಯ ಮಾಡಿದ. ಎಲ್ಲದಕ್ಕೂ ಜಗಳ ತೆಗೆಯಲಿಲ್ಲ, ಒಂದು ವಿಷಯ ಆರಿಸಿಕೊಂಡ. ಆಮೇಲೆ ಅವನು ಮಾಡಿದ್ದು ನೋಡಿ. ತಟ್ಟೆ ತಳ್ಳಿ ಎದ್ದುಹೋಗಲಿಲ್ಲ. ಹತ್ತು ದಿನ ಕಾಯಿಪಲ್ಯ, ನೀರು ಕೊಟ್ಟು ಪರೀಕ್ಷಿಸಿ, ಆಮೇಲೆ ನೀವೇ ತೀರ್ಮಾನಿಸಿ ಎಂದು ಮೇಲ್ವಿಚಾರಕನಿಗೆ ಹೇಳಿದ. ಮೇಲ್ವಿಚಾರಕನ ತಲೆಗೆ ಅಪಾಯ ಬಾರದಂತೆ ದಾರಿ ಹುಡುಕಿಕೊಟ್ಟ.

ನಿಮ್ಮ ಕೆಲಸದಲ್ಲಿ ವರ್ಷಕ್ಕೊಮ್ಮೆಯಾದರೂ ಎದುರಾಗುವ ಇಕ್ಕಟ್ಟುಗಳನ್ನು ಬರೆಯಿರಿ. ಪ್ರತಿಯೊಂದರ ಪಕ್ಕದಲ್ಲಿ ಎರಡು ಸಾಲು: ಇದನ್ನು ನಾನು ಮಾಡುವುದಿಲ್ಲ, ಅದರ ಬದಲು ಇದನ್ನು ಮಾಡಿಕೊಡುತ್ತೇನೆ. ಎರಡನೆಯ ಸಾಲು ಇಲ್ಲದ ನಿರಾಕರಣೆ ಮಾಲೀಕರಿಗೆ ಬರೀ ತಲೆನೋವು.

4. ಆಯುಧ ಪೂಜೆ, ಪ್ರಸಾದ, ಚಂದಾ

ನಮ್ಮ ನಾಡಿನಲ್ಲಿ ಕ್ರೈಸ್ತ ಕೆಲಸಗಾರರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಅವಸರದಲ್ಲಿ ಉತ್ತರ ಕೊಡಬಾರದು.

ಅರಸುಗಳ ಎರಡನೆಯ ಪುಸ್ತಕದ 5ನೇ ಅಧ್ಯಾಯ ಓದಿ. ಕುಷ್ಠ ವಾಸಿಯಾದ ನಾಮಾನ ಇನ್ನು ಮುಂದೆ ಇಸ್ರಾಯೇಲಿನ ದೇವರನ್ನೇ ಆರಾಧಿಸುತ್ತೇನೆ ಎನ್ನುತ್ತಾನೆ. ಆದರೆ ಅವನು ಅರಾಮ್ ರಾಜನ ಸೇನಾಪತಿ. ರಾಜ ರಿಮ್ಮೋನನ ಗುಡಿಗೆ ಹೋಗುವಾಗ ಇವನ ಕೈ ಹಿಡಿದೇ ಹೋಗುತ್ತಾನೆ, ರಾಜ ಬಾಗಿದರೆ ಇವನೂ ಬಾಗಬೇಕು. ಇದನ್ನು ಕರ್ತನು ಕ್ಷಮಿಸಲಿ ಎಂದು ನಾಮಾನ ಕೇಳಿಕೊಳ್ಳುತ್ತಾನೆ. ಎಲೀಷ ಅವನನ್ನು ಗದರಿಸುವುದಿಲ್ಲ, ಸಮಾಧಾನದಿಂದ ಹೋಗು ಎನ್ನುತ್ತಾನೆ. ಕೆಲಸದ ಕಾರಣಕ್ಕೆ ಒಂದು ಜಾಗದಲ್ಲಿ ನಿಲ್ಲುವುದೂ ಮನಸ್ಸಾರೆ ಆರಾಧನೆ ಮಾಡುವುದೂ ಒಂದೇ ಅಲ್ಲ ಎಂದು ನಾನು ಇದರಿಂದ ತಿಳಿದುಕೊಂಡಿದ್ದೇನೆ. ನಿಲ್ಲುವುದಕ್ಕೂ ಮನಸ್ಸು ಒಪ್ಪದವರು ಇದ್ದಾರೆ. ಅವರ ಮನಸ್ಸಾಕ್ಷಿಯನ್ನೂ ಗೌರವಿಸಬೇಕು.

ಈಗ ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗ ಎಂದು ಇಟ್ಟುಕೊಳ್ಳಿ. ಮಾತಾಡಬೇಕಾದದ್ದು ಪೂಜೆಯ ದಿನ ಅಲ್ಲ. ಅವತ್ತು ಗಾಡಿಗಳಿಗೆಲ್ಲ ಹೂವಿನ ಹಾರ ಬಿದ್ದಿರುತ್ತದೆ, ಗಿರಾಕಿಗಳು ಬಂದಿರುತ್ತಾರೆ, ಮಾಲೀಕರು ಹೊಸ ಪಂಚೆ ಉಟ್ಟು ಓಡಾಡುತ್ತಿರುತ್ತಾರೆ. ಎಲ್ಲರ ಮುಂದೆ "ನಾನು ಮಾಡಲ್ಲ" ಎಂದರೆ ಅವರಿಗೆ ಮುಖಭಂಗ. ಒಂದು ವಾರ ಮೊದಲು, ಕೆಲಸ ಕಡಿಮೆ ಇರುವ ಹೊತ್ತಿನಲ್ಲಿ, ಅವರೊಬ್ಬರೇ ಇದ್ದಾಗ ಹೇಳಬೇಕು.

"ಅಣ್ಣಾ, ಒಂದು ಮಾತು. ಹಬ್ಬಕ್ಕೆ ಮುಂಚೆ ಕಂಪ್ರೆಸರ್ರು, ಜಾಕು, ಸ್ಪ್ಯಾನರ್ ಸೆಟ್ಟು ಎಲ್ಲ ನಾನೇ ತೊಳೆದು ಎಣ್ಣೆ ಹಾಕಿ ಇಡ್ತೀನಿ. ಆರತಿ ಎತ್ತೋದು, ಕುಂಬಳಕಾಯಿ ಒಡೆಯೋದು ಮಾತ್ರ ನನ್ನ ಕೈಲಿ ಆಗಲ್ಲ. ನಮ್ಮ ನಂಬಿಕೆ ಹಾಗೆ. ನಿಮ್ಮ ಮೇಲೆ ಗೌರವ ಇಲ್ಲ ಅಂತ ಅಂದ್ಕೋಬೇಡಿ. ಬಂದವರಿಗೆ ಕಡಲೆಪುರಿ, ಸ್ವೀಟು ಕೊಡೋಕೆ ನಿಲ್ತೀನಿ."

ಇಷ್ಟು ಸಾಕು. ಅವರ ಪೂಜೆ ತಪ್ಪು ಎಂದು ಅಲ್ಲಿ ವಾದಕ್ಕೆ ಇಳಿಯಬೇಡಿ. ಮಾಲೀಕರು ಬಹಳ ಮಂದಿ "ಅದಕ್ಕೇನಂತೆ ಬಿಡೋ" ಎಂದು ಮುಗಿಸುತ್ತಾರೆ. ವರ್ಷವಿಡೀ ನಿಯತ್ತಾಗಿ ದುಡಿದವನ ಮಾತಿಗೆ ಬೆಲೆ ಇರುತ್ತದೆ. ವಾರಕ್ಕೆರಡು ದಿನ ತಡವಾಗಿ ಬರುವವನು ಇದೇ ಮಾತು ಹೇಳಿದರೆ ಕೆಲಸ ತಪ್ಪಿಸಿಕೊಳ್ಳುವ ನೆಪ ಎನಿಸುತ್ತದೆ.

ಪ್ರಸಾದದ ಬಗ್ಗೆ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯದಲ್ಲಿ ವಿವರವಾಗಿ ಹೇಳಿದ್ದಾನೆ. ಯಾರಾದರೂ ಊಟಕ್ಕೆ ಕರೆದರೆ ಬಡಿಸಿದ್ದನ್ನು ವಿಚಾರಣೆ ಮಾಡದೆ ತಿನ್ನಿ. ಇದು ನೈವೇದ್ಯ ಎಂದು ಒಬ್ಬರು ಹೇಳಿದರೆ ಅವರ ಮನಸ್ಸಾಕ್ಷಿಗಾಗಿ ತಿನ್ನಬೇಡಿ. ಆಫೀಸಿನಲ್ಲಿ ಮೇಜಿನ ಮೇಲಿಟ್ಟ ಲಾಡುವಿಗೆ ತನಿಖೆ ಬೇಡ. ಕೈಗೆ ಕೊಟ್ಟು ಪ್ರಸಾದ ಎಂದರೆ, ಎರಡು ಕೈ ಜೋಡಿಸಿ "ನಾನು ತಗೊಳ್ಳಲ್ಲ ಅಕ್ಕಾ, ದಯವಿಟ್ಟು ಬೇಜಾರು ಮಾಡ್ಕೋಬೇಡಿ" ಎನ್ನಿ. ತೆಗೆದುಕೊಂಡು ಆಮೇಲೆ ಕಸದ ಬುಟ್ಟಿಗೆ ಹಾಕುವುದು ಮಾತ್ರ ಬೇಡವೇ ಬೇಡ. ಅದು ಕೊಟ್ಟವರಿಗೂ ಅನ್ನಕ್ಕೂ ಮಾಡುವ ಅವಮಾನ.

ಗಣೇಶನ ಚಂದಾಕ್ಕೆ ಕೆಲವರು ಊಟದ ಖರ್ಚಿಗೆ ಎಂದು ಹೇಳಿಯೇ ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಯಾವುದಾದರೂ ಸರಿ, ಕದ ಹಾಕಿಕೊಂಡು ಮನೆಯಲ್ಲಿ ಇಲ್ಲದವರ ಹಾಗೆ ನಟಿಸಬೇಡಿ. ಕ್ರಿಸ್‌ಮಸ್ಸಿಗೆ ಕುಸ್ವಾರ್ (ಹಬ್ಬದ ಸಿಹಿತಿಂಡಿ) ತಟ್ಟೆಯನ್ನು ಅದೇ ಬೀದಿಯ ಎಲ್ಲ ಮನೆಗೂ ಕಳಿಸಿ.

5. ಭಾನುವಾರ

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ (1961) ಪ್ರಕಾರ ಕೆಲಸಗಾರರಿಗೆ ವಾರಕ್ಕೆ ಒಂದು ಪೂರ್ತಿ ದಿನ ರಜೆ ಕೊಡಬೇಕು. ಅದು ಭಾನುವಾರವೇ ಆಗಿರಬೇಕು ಎಂದೇನಿಲ್ಲ. ಹಾಗಾಗಿ ಕೆಲಸಕ್ಕೆ ಸೇರುವ ಮೊದಲೇ ಕೇಳಿಕೊಳ್ಳಿ. ಸೇರಿದ ಮೇಲೆ ಕೇಳುವುದು ಕಷ್ಟ.

ಕೇಳುವಾಗ ಬದಲಿಗೆ ಏನು ಕೊಡುತ್ತೀರಿ ಎಂದೂ ಹೇಳಿ. "ದೀಪಾವಳಿ, ಯುಗಾದಿ, ವರಮಹಾಲಕ್ಷ್ಮಿ ಹಬ್ಬದ ಡ್ಯೂಟಿ ನಾನು ಮಾಡ್ತೀನಿ, ಭಾನುವಾರ ಬೆಳಗ್ಗೆ, ಶುಭ ಶುಕ್ರವಾರ, ಕ್ರಿಸ್‌ಮಸ್ ನನಗೆ ಬಿಟ್ಟುಕೊಡಿ" ಎಂದರೆ ಜೊತೆಯವರೇ ನಿಮ್ಮ ಪರ ಮಾತಾಡುತ್ತಾರೆ. ನರ್ಸ್, ಪೊಲೀಸ್, ಬಸ್ ಚಾಲಕರಿಗೆ ಇದೂ ಪ್ರತಿ ವಾರ ನಡೆಯುವುದಿಲ್ಲ. ಸಬ್ಬತ್ತಿನಲ್ಲಿ ಗುಂಡಿಗೆ ಬಿದ್ದ ಕುರಿಯನ್ನು ಎತ್ತುವುದಿಲ್ಲವೇ ಎಂದು ಕೇಳಿದವನು ಯೇಸುವೇ. ರೋಗಿಯ ಪಕ್ಕದಲ್ಲಿ ನಿಂತ ಭಾನುವಾರಕ್ಕೆ ನೊಂದುಕೊಳ್ಳಬೇಡಿ. ಶನಿವಾರ ಸಂಜೆಯ ಬಲಿಪೂಜೆಗೋ, ಭಾನುವಾರ ಸಂಜೆಯ ಆರಾಧನೆಗೋ ಹೋಗಿ. ಆದರೆ ಓವರ್‌ಟೈಮ್ ದುಡ್ಡಿನ ಆಸೆಗೆ ವಾರ ವಾರ ತಪ್ಪಿಸುವುದು ಬೇರೆ. ಅದು ಯಾವುದು ಎಂದು ನಿಮಗೇ ಗೊತ್ತಿರುತ್ತದೆ, ಅಲ್ವಾ?

6. ತೂಕ, ಬಿಲ್ಲು, ಲಂಚ

ಅಂಗಡಿಯವರಿಗೆ ಮೊದಲು. ಯಾಜಕಕಾಂಡ 19ರಲ್ಲಿ ನ್ಯಾಯವಾದ ತಕ್ಕಡಿ, ನ್ಯಾಯವಾದ ಅಳತೆ ಇರಬೇಕು ಎಂದಿದೆ. ನಿಮ್ಮ ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬಿದ್ದಿದೆಯೇ, ಅವಧಿ ಮುಗಿದಿದೆಯೇ ನೋಡಿ. ಅಂಕಿ ತೋರಿಸುವ ಮುಖ ಗಿರಾಕಿಯ ಕಡೆಗಿರಲಿ. ಬೇಕರಿಯವರು ಖಾಲಿ ಡಬ್ಬವನ್ನು ಮೊದಲು ತಕ್ಕಡಿಯ ಮೇಲಿಟ್ಟು ಟೇರ್ ಒತ್ತಿ ಸೊನ್ನೆ ಮಾಡಿ, ಆಮೇಲೆ ಮೈಸೂರು ಪಾಕು ತುಂಬಿ. ರಟ್ಟಿನ ಡಬ್ಬವನ್ನು ಸಿಹಿಯ ಬೆಲೆಗೆ ತೂಗಿ ಮಾರುವುದು ಎಷ್ಟು ರೂಢಿಯಾಗಿದೆ ಎಂದರೆ ಅದು ಕದಿಯುವುದು ಎಂದು ಯಾರಿಗೂ ಅನಿಸುವುದೇ ಇಲ್ಲ. ಗಿರಾಕಿ ಕೇಳಲಿ ಬಿಡಲಿ, ಬಿಲ್ ಕೊಡಿ.

ಲಂಚದ ವಿಷಯ ಇದಕ್ಕಿಂತ ಕಷ್ಟ. ಇಲ್ಲಿ ನಾವು ಕೊಡುವ ಕಡೆ ಇರುತ್ತೇವೆ. ನಮಗೆ ಬರಬೇಕಾದದ್ದನ್ನೇ ತಡೆಹಿಡಿದಾಗ ಏನು ಮಾಡುವುದು ಎಂದು ಕೇಳುತ್ತಾರೆ. ಕಾನೂನು ಏನು ಹೇಳುತ್ತದೆ ಎಂದು ಮೊದಲು ತಿಳಿದಿರಲಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯಿಂದ ಲಂಚ ಕೊಡುವವರೂ ಅಪರಾಧಿಗಳು, 7 ವರ್ಷದವರೆಗೆ ಶಿಕ್ಷೆ ಆಗಬಹುದು. ಬಲವಂತಕ್ಕೆ ಸಿಕ್ಕಿ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದವರಿಗೆ ರಕ್ಷಣೆ ಇದೆ. ನಮ್ಮ ರಾಜ್ಯದಲ್ಲಿ ಇಂಥ ದೂರುಗಳನ್ನು ಲೋಕಾಯುಕ್ತ ಪೊಲೀಸರು ನೋಡುತ್ತಾರೆ.

ದಿನನಿತ್ಯಕ್ಕೆ ಉಪಯೋಗವಾಗುವುದು ಇನ್ನೊಂದಿದೆ, ಸಕಾಲ. 2011ರ ಈ ಕಾಯ್ದೆಯಡಿ ಬರುವ ಸೇವೆಗಳನ್ನು ಗೊತ್ತುಪಡಿಸಿದ ದಿನದೊಳಗೆ ಕೊಡಬೇಕು. ಅರ್ಜಿ ಕೊಟ್ಟ ತಕ್ಷಣ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುವ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. "ಚೀಟಿ ಆಮೇಲೆ ಕೊಡ್ತೀವಿ, ನೀವು ಹೋಗಿ" ಎಂದರೆ ಕೌಂಟರ್ ಬಿಟ್ಟು ಕದಲಬೇಡಿ. ಜಗಳ ಬೇಡ, ಧ್ವನಿ ಏರಿಸುವುದೂ ಬೇಡ. "ಪರವಾಗಿಲ್ಲ ಮೇಡಂ, ಕಾಯ್ತೀನಿ" ಎಂದು ಅಲ್ಲೇ ನಿಂತುಕೊಳ್ಳಿ. ಆ ಸಂಖ್ಯೆ ಕೈಗೆ ಬಂದರೆ ಗಡಿಯಾರ ಓಡಲು ಶುರುವಾಗುತ್ತದೆ. ತಡವಾದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವನ್ನೂ ಕೇಳಬಹುದು. ಅದಕ್ಕೂ ಕದಲದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ನನ್ನ ಅರ್ಜಿ ಯಾರ ಮೇಜಿನ ಮೇಲಿದೆ ಎಂದು ಕೇಳಿ.

ಲಂಚ ಕೊಡದವರಿಗೆ ಬೇಕಾದ ದೊಡ್ಡ ಆಸ್ತಿ ಸಮಯ. ಶಾಲೆಗೆ ಸೇರಿಸಲು ಜೂನ್‌ನಲ್ಲಿ ಬೇಕಾದ ಪ್ರಮಾಣಪತ್ರಕ್ಕೆ ಫೆಬ್ರವರಿಯಲ್ಲೇ ಅರ್ಜಿ ಹಾಕಿ. ಕೊನೆ ದಿನ ಓಡಿ ಹೋದವರ ಅವಸರವೇ ಅಲ್ಲಿನ ವ್ಯಾಪಾರಕ್ಕೆ ಬಂಡವಾಳ. ಹೀಗೆಲ್ಲ ಮಾಡಿದರೂ ಒಮ್ಮೊಮ್ಮೆ ಕೆಲಸ ಆಗುವುದಿಲ್ಲ. ನಷ್ಟ ಆಗುತ್ತದೆ. ಆ ನಷ್ಟವನ್ನೂ ಮೊದಲ ಹೆಜ್ಜೆಯ ಲೆಕ್ಕದಲ್ಲಿ ಸೇರಿಸಿಕೊಂಡಿರಬೇಕು.

ಇನ್ನು ಸರ್ಕಾರಿ ಕುರ್ಚಿಯಲ್ಲಿ ಕೂತ ಕ್ರೈಸ್ತರಿಗೆ. ನೀವು ತೆಗೆದುಕೊಳ್ಳದಿದ್ದರೆ ಸಾಲದು. ನಿಮ್ಮ ಹೆಸರಿನಲ್ಲಿ ಹೊರಗೆ ಬ್ರೋಕರ್ ತೆಗೆದುಕೊಳ್ಳುತ್ತಿಲ್ಲ ಎಂದು ನೋಡಿಕೊಳ್ಳಿ.

7. ಸರ್ಟಿಫಿಕೇಟುಗಳು

ಬೆಂಗಳೂರಿನಲ್ಲಿ ಕೆಲಸ ಹುಡುಕುವ ಹುಡುಗರಿಗೆ ಮೂರು ವರ್ಷದ ನಕಲಿ ಅನುಭವ ಪತ್ರ ಕೊಡಿಸುತ್ತೇವೆ ಎನ್ನುವವರು ಇದ್ದಾರೆ. ಕೊಂಡುಕೊಂಡರೆ ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುವ ಭಯ ನೌಕರಿ ಇರುವಷ್ಟು ಕಾಲ ಇರುತ್ತದೆ. ಕಡಿಮೆ ಸಂಬಳದ ಇಂಟರ್ನ್‌ಶಿಪ್, ಸಣ್ಣ ಊರಿನ ಸಣ್ಣ ಕಂಪನಿ, ಅಪ್ರೆಂಟಿಸ್ ಕೆಲಸ ಇವೆಲ್ಲ ನಿಜವಾದ ದಾರಿಗಳು. ನಿಧಾನ, ಆದರೆ ರಾತ್ರಿ ನಿದ್ದೆ ಬರುತ್ತದೆ.

ಜಾತಿ ಪ್ರಮಾಣಪತ್ರದ ಮಾತು ಬಂದರೆ ಸಭೆಯಲ್ಲಿ ಎಲ್ಲರೂ ಮೌನ. ಮಾತಾಡಲೇಬೇಕು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿದರು. ಕ್ರೈಸ್ತರಾದ ದಲಿತರಿಗೆ ಸಿಗಲಿಲ್ಲ. ಬಡತನವೂ ಹೋಗಲಿಲ್ಲ, ಊರಿನವರು ನೋಡುವ ರೀತಿಯೂ ಬದಲಾಗಲಿಲ್ಲ, ಸೌಲಭ್ಯ ಮಾತ್ರ ಹೋಯಿತು. ಇದು ಅನ್ಯಾಯ ಎಂದೇ ನಾನು ನಂಬುತ್ತೇನೆ. ಆದ್ದರಿಂದ ಕಾಗದದಲ್ಲಿ ಒಂದು, ಬದುಕಿನಲ್ಲಿ ಒಂದು ಇಟ್ಟುಕೊಂಡವರ ಮೇಲೆ ಕಲ್ಲೆಸೆಯಲು ಮನಸ್ಸು ಬರುವುದಿಲ್ಲ. ಆದರೂ ಅದು ಸುಳ್ಳು ಹೇಳಿಕೆ. ಮತಾಂತರವಾದ ಮೇಲೆ ಸೌಲಭ್ಯಕ್ಕಾಗಿ ಮಾತ್ರ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೌಕರಿ ಹೋಗುವ ಅಪಾಯ ನಿಜವಾದದ್ದು.

ಹಾಗಾದರೆ ದಾರಿ ಏನು? ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೆ ಪ್ರವರ್ಗ-1ರಲ್ಲಿ ಜಾಗ ಇದೆ, ಉಳಿದ ಕ್ರೈಸ್ತರು 3ಬಿಯಲ್ಲಿ ಬರುತ್ತಾರೆ. ನಿಮ್ಮ ಕುಟುಂಬಕ್ಕೆ ಯಾವುದು ಅನ್ವಯ ಎಂದು ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ. ಪರಿಶಿಷ್ಟ ಪಂಗಡದ ಸ್ಥಾನಕ್ಕೆ ಧರ್ಮದ ಷರತ್ತು ಇಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಈಗಾಗಲೇ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿರುವವರು ಯಾರದೋ ಮಾತು ಕೇಳಿ ಅವಸರ ಮಾಡದೆ, ನಂಬುವಂಥ ವಕೀಲರನ್ನೂ ಸಭಾಪಾಲಕರನ್ನೂ ಒಟ್ಟಿಗೆ ಕೂರಿಸಿಕೊಂಡು ಮಾತಾಡಿ. ಉಳಿದ ನಾವು ಆ ಮಕ್ಕಳ ಕಾಲೇಜು ಫೀಸಿಗೆ ಕೈ ಹಾಕಬೇಕು. ಸತ್ಯ ಹೇಳಿ ಎಂದು ಪುಕ್ಕಟೆ ಬುದ್ಧಿ ಹೇಳುವ ಹಕ್ಕು ನಮಗಿಲ್ಲ.

8. ನೀವೇ ಸಂಬಳ ಕೊಡುವವರಾದರೆ

ಮನೆಗೆಲಸದವರಿಗೆ ಕೊಡುವ ಸಂಬಳವೂ ಇದರಲ್ಲಿ ಸೇರುತ್ತದೆ. ಕೂಲಿಯವನ ಕೂಲಿ ಬೆಳಗಿನವರೆಗೆ ನಿನ್ನ ಹತ್ತಿರ ಉಳಿಯಬಾರದು, ಹೊತ್ತು ಮುಳುಗುವ ಮೊದಲೇ ಕೊಡು ಎಂದು ಧರ್ಮಶಾಸ್ತ್ರ ಹೇಳುತ್ತದೆ. ಅವನು ಬಡವ, ಅದನ್ನೇ ಎದುರು ನೋಡುತ್ತಿರುತ್ತಾನೆ ಎಂಬ ಕಾರಣವನ್ನೂ ಧರ್ಮೋಪದೇಶಕಾಂಡ 24 ಕೊಡುತ್ತದೆ. "ಚೇಂಜ್ ಇಲ್ಲ, ನಾಳೆ ಬಾ" ಎನ್ನುವ ಮೊದಲು ಇದು ನೆನಪಿರಲಿ.

ನಮ್ಮವರೇ ನಡೆಸುವ ಶಾಲೆ, ಆಸ್ಪತ್ರೆ, ಸೇವಾ ಸಂಸ್ಥೆಗಳಲ್ಲಿ ‘ಇದು ಸೇವೆ’ ಎಂದು ಹೇಳಿ ಸಂಬಳ ಇಳಿಸುವುದನ್ನು ನೋಡಿ ನನಗೆ ನೋವಾಗಿದೆ. ಸೇವೆ ಮಾಡುತ್ತೇನೆ ಎಂದು ಕೆಲಸದವರು ಹೇಳಬಹುದು. ಅವರ ಪರವಾಗಿ ಆಡಳಿತದವರು ಹೇಳುವಂತಿಲ್ಲ. ನೆರೆಯವನಿಂದ ಬಿಟ್ಟಿ ದುಡಿಸಿಕೊಂಡು ಮನೆ ಕಟ್ಟುವವನಿಗೆ ಅಯ್ಯೋ ಎಂದು ಯೆರೆಮೀಯ ಹೇಳಿದ್ದು ಅರಸನಿಗೆ. ಕನಿಷ್ಠ ವೇತನ, ಪಿಎಫ್, ಇಎಸ್‌ಐ, ಹೆರಿಗೆ ರಜೆ, ಇವು ಕಾನೂನಿನ ಮಾತು, ದಾನದ ಮಾತಲ್ಲ. ಕೆಲಸಕ್ಕೆ ತೆಗೆದುಕೊಳ್ಳುವಾಗ ಧರ್ಮವನ್ನು ಆಮಿಷವಾಗಿಯೂ ಷರತ್ತಾಗಿಯೂ ಮುಂದಿಡಬೇಡಿ.

9. ‘ಬ್ರದರ್’ ಎಂದು ಬರುವ ದುಡ್ಡಿನ ಆಸೆ

ಸಭೆಯ ಬಾಗಿಲಲ್ಲೇ ಸರಪಳಿ ಮಾರಾಟದ ಸ್ಕೀಮು, ತಿಂಗಳಿಗೆ ಇಷ್ಟು ಪರ್ಸೆಂಟ್ ಎಂಬ ಹೂಡಿಕೆ, ವಿದೇಶದ ಕೆಲಸ ಹೇಳಿಕೊಂಡು ಬರುತ್ತಾರೆ. ಪ್ರಾರ್ಥನೆ ಮಾಡಿಯೇ ಮಾತು ಶುರು ಮಾಡುತ್ತಾರೆ. ಜೊತೆಗೆ ಹಾಡಿದ ಮಾತ್ರಕ್ಕೆ ಲೆಕ್ಕ ಕೇಳದೆ ದುಡ್ಡು ಕೊಡಬೇಡಿ. ಕಂಪನಿ ನೋಂದಣಿ ಆಗಿದೆಯೇ, ಲಾಭ ಎಲ್ಲಿಂದ ಬರುತ್ತದೆ, ಹೊಸ ಜನ ಸೇರದಿದ್ದರೆ ಏನಾಗುತ್ತದೆ ಎಂದು ಕೇಳಿ. ಮೂರನೆಯ ಪ್ರಶ್ನೆಗೆ ನೇರ ಉತ್ತರ ಬರದಿದ್ದರೆ ಎದ್ದು ಬನ್ನಿ.

ಗಲ್ಫಿಗೆ ಕೆಲಸಕ್ಕೆ ಹೋಗುವವರು ಏಜೆಂಟರ ಪರವಾನಗಿ ಸಂಖ್ಯೆಯನ್ನು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹಾಕಿ ನೋಡಿ. ಈಗಿನ ನಿಯಮದ ಪ್ರಕಾರ ಅವರು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ತೆಗೆದುಕೊಳ್ಳುವಂತಿಲ್ಲ, ರಸೀದಿ ಕೊಡಲೇಬೇಕು. ಲಕ್ಷಗಟ್ಟಲೆ ಸಾಲ ಮಾಡಿ ಹೋದವರಿಗೆ ಅಲ್ಲಿ ಏನೇ ಅನ್ಯಾಯವಾದರೂ ವಾಪಸ್ ಬರಲು ಆಗುವುದಿಲ್ಲ. ಮತ್ತೆ ಅದೇ ಸಾಲದ ಮಾತು.

10. ಕೆಲಸ ಹೋದರೆ

ಗೆರೆ ದಾಟಲು ಒಪ್ಪದ್ದಕ್ಕೆ ಕೆಲಸ ಹೋಗಬಹುದು. ಹೋದ ದಿನವೇ ಮನೆಯಲ್ಲಿ ಹೇಳಿ. ಮುಚ್ಚಿಟ್ಟು ಬೆಳಗ್ಗೆ ಬ್ಯಾಗ್ ಹಿಡಿದು ಹೊರಡುವ ನಾಟಕ ಬೇಡ. ಅನುಭವ ಪತ್ರ, ಕೊನೆಯ ತಿಂಗಳ ಸಂಬಳದ ಚೀಟಿ, ಪಿಎಫ್ ಯುಎಎನ್ ಸಂಖ್ಯೆ ಪಡೆದುಕೊಳ್ಳಿ. ರಾಜೀನಾಮೆ ಪತ್ರದಲ್ಲಿ ಆರೋಪ ಬರೆಯಬೇಡಿ. ದೂರು ಕೊಡುವುದಿದ್ದರೆ ಅದಕ್ಕೆ ಬೇರೆ ಕಾಗದ, ಬೇರೆ ಜಾಗ ಇದೆ.

ಸಭೆಯಲ್ಲಿ ಇಬ್ಬರು ಮೂವರಿಗಾದರೂ ವಿಷಯ ಗೊತ್ತಿರಲಿ. ಕಥೋಲಿಕ ಧರ್ಮಕೇಂದ್ರಗಳಲ್ಲಿ ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದಿ ಪಾಲ್ ಸಭೆ ಇದ್ದರೆ ಅವರಿಗೆ ಹೇಳಿ. ಸ್ವಂತ ಕೆಲಸ ಶುರು ಮಾಡುವ ಮನಸ್ಸಿದ್ದರೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಗೆ ಹೋಗಿ ಶ್ರಮಶಕ್ತಿ ಮುಂತಾದ ಸಾಲ ಯೋಜನೆಗಳಿಗೆ ಈ ವರ್ಷ ಅರ್ಜಿ ಯಾವಾಗ ಎಂದು ಕೇಳಿ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿಗೆ ಸರ್ಕಾರ ದುಡ್ಡು ತೆಗೆದುಕೊಳ್ಳುವುದಿಲ್ಲ, ಆಧಾರ್, ಪ್ಯಾನ್ ಇದ್ದರೆ ನೀವೇ ಮಾಡಿಕೊಳ್ಳಬಹುದು. ಕೈಕಸುಬು ಕೀಳು ಎನ್ನಬೇಡಿ. ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಕೂತು ಗುಡಾರ ಹೊಲಿದು ದುಡಿದವನು ಅಪೊಸ್ತಲ ಪೌಲ.

ಹೊಸ ಕಡೆ ಸಂದರ್ಶನಕ್ಕೆ ಹೋದಾಗ ಹಳೆ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳೇ ಕೇಳುತ್ತಾರೆ. ಹಳೆ ಮಾಲೀಕರನ್ನು ಬೈಯಬೇಡಿ, ಸುಳ್ಳು ಕಾರಣವನ್ನೂ ಕೊಡಬೇಡಿ. "ಲೆಕ್ಕದಲ್ಲಿ ಇಲ್ಲದ್ದನ್ನು ಬರೆಯೋಕೆ ಹೇಳಿದ್ರು ಸಾರ್, ನನಗೆ ಆಗಲಿಲ್ಲ. ಉಳಿದ ಹಾಗೆ ಕೆಲಸ ಚೆನ್ನಾಗಿತ್ತು" ಎಂದಷ್ಟೇ ಹೇಳಿ, ಮುಂದಿನ ಪ್ರಶ್ನೆಗೆ ಕಾಯಿರಿ.